ಯುದ್ಧದ ವಾದ, ಯುದ್ಧಾನಂತರದ ಯೋಜನೆ: ಹುಬ್ಬಳ್ಳಿ-ಧಾರವಾಡದ ಅನುಭವ

ಎರಡನೆಯ ಮಹಾಯುದ್ಧಕ್ಕೆ ಭಾರತ ಕೈಜೋಡಿಸಬೇಕೇ ಬೇಡವೇ ಎಂಬ ವಾದವೂ, ಯುದ್ಧ ಮುಗಿದ ಮೇಲೆ ನಾಡನ್ನು ಹೇಗೆ ಕಟ್ಟಬೇಕು ಎಂಬ ಯೋಜನೆಯೂ ಹುಬ್ಬಳ್ಳಿ-ಧಾರವಾಡದಲ್ಲಿ 1939ರಿಂದ ಸುಮಾರು ಒಂದು ದಶಕ ಕಾಲ ಒಂದರ ಬೆನ್ನಿಗೆ ಒಂದು ನಡೆದವು. ಅಂದಿನ ಧಾರವಾಡ ಜಿಲ್ಲೆಯಲ್ಲಿ ಈಗಿನ ಗದಗ, ಹಾವೇರಿ ಜಿಲ್ಲೆಗಳ ಬಹುಭಾಗವೂ ಸೇರಿತ್ತು. ಬೆಳಗಾವಿ, ಬಿಜಾಪುರ, ಕಾರವಾರ ಜಿಲ್ಲೆಗಳೊಂದಿಗೆ ಅದು ಮುಂಬಯಿ ಪ್ರಾಂತದ ದಕ್ಷಿಣದ ಅಂಚಾಗಿತ್ತು. ಯುದ್ಧದ ತೀರ್ಮಾನವಾದದ್ದು ಲಂಡನ್ ಮತ್ತು ದಿಲ್ಲಿಗಳಲ್ಲಿ, ಯೋಜನೆಗಳ ಕರಡು ತಯಾರಾದದ್ದು ದಿಲ್ಲಿ ಮತ್ತು ಮುಂಬಯಿಗಳಲ್ಲಿ. ಇಲ್ಲಿಯವರನ್ನು ಎರಡಕ್ಕೂ ಯಾರೂ ಕೇಳಲಿಲ್ಲ. ಆದರೂ ಎರಡೂ ಪ್ರಶ್ನೆಗಳನ್ನು ಇಲ್ಲಿಯ ಜನ ತಮಗೆ ಬೇಕಾದಂತೆ ತಿರುಗಿಸಿಕೊಂಡರು. ಯುದ್ಧದ ವಾದ ಹಳ್ಳಿಗಳಲ್ಲಿ ಕಂದಾಯ ಮತ್ತು ಲೆವಿಯ, ಅಂದರೆ ಕಡ್ಡಾಯ ಧಾನ್ಯ ವಸೂಲಿಯ, ವಾದವಾಯಿತು. ಪುನರ್ನಿರ್ಮಾಣದ ವಾದ ಯಾವ ಪ್ರಾಂತದೊಳಗೆ ಇರಬೇಕು ಎಂಬ ವಾದವಾಯಿತು.

ದೂರದ ಯುದ್ಧ ಈ ಸೀಮೆಯ ಬದುಕನ್ನು ಅಲ್ಲಾಡಿಸಿದ್ದು ಅದೇ ಮೊದಲಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ದಕ್ಷಿಣ ರಾಜ್ಯಗಳ ಹತ್ತಿ ಲ್ಯಾಂಕಾಶೈರಿನ ಗಿರಣಿಗಳಿಗೆ ಸಿಗದಂತಾದಾಗ ಅವುಗಳ ಕಣ್ಣು ಧಾರವಾಡದ ಎರೆ ಹೊಲಗಳ ಮೇಲೆ ಬಿತ್ತು. ಅದಕ್ಕೆ ಎರಡು ದಶಕ ಮೊದಲೇ ಇಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಹಂಚಲಾಗಿತ್ತು. 'ಧಾರವಾಡ-ಅಮೆರಿಕನ್' ಎಂಬ ಹತ್ತಿ ಪೇಟೆಯಲ್ಲಿ ಹೆಸರು ಮಾಡಿತ್ತು. ಬೀಜ ಬಿಡಿಸುವ ಜಿನ್ನುಗಳ ತಯಾರಿಕೆ ಮತ್ತು ದುರಸ್ತಿಗೆ ಧಾರವಾಡದಲ್ಲಿ ಸರಕಾರದ್ದೇ ಕಾರ್ಖಾನೆಯಿತ್ತು. ಬೆಲೆ ಏರಿದಂತೆ ಜೋಳದ ಹೊಲಗಳಿಗೂ ಹತ್ತಿ ಬಂತು, ಅಂಡಿಗೆಗಳಲ್ಲಿ ಕಲಬೆರಕೆಯೂ ಬಂತು. ಕಲಬೆರಕೆ ತಡೆಯಲು ಮುಂಬಯಿ ಸರಕಾರ 1863ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. 1865ರಲ್ಲಿ ಆ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು, ಮುಂಬಯಿಯ ಶೇರು ಪೇಟೆಯೂ ನೆಲಕಚ್ಚಿತು.

ಆ ಹತ್ತಿಯ ಕಾಲದ ಒಂದು ಯೋಜನೆಯ ಗತಿಯನ್ನು ಗಮನಿಸಬೇಕು. ಧಾರವಾಡದ ಹತ್ತಿಗೆ ಹತ್ತಿರದ ಬಂದರು ಕಾರವಾರ. ಅದು ಮದ್ರಾಸಿನ ಆಡಳಿತದಲ್ಲಿರುವುದು ಅಡ್ಡಿಯೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒತ್ತಾಯಿಸಿದ್ದರಿಂದ 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಲಾಯಿತು. ಘಟ್ಟ ಇಳಿಯುವ ರಸ್ತೆಯ ಕೆಲಸ ನಡೆಯಿತು, ರೈಲಿನ ಮಾತೂ ಎದ್ದಿತು. ಯುದ್ಧ ಮುಗಿಯಿತು, ಹತ್ತಿಯ ಅವಸರ ತಣ್ಣಗಾಯಿತು, ರೈಲು ಮಾತಿನಲ್ಲೇ ಉಳಿಯಿತು. 1876-78ರ ಭೀಕರ ಬರದ ನಂತರ, ಬರ ತಡೆಯುವ ಮಾರ್ಗವೆಂದು ಬಂದ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯನ್ನು ದೊಡ್ಡ ಜಂಕ್ಷನ್ನಾಗಿಯೂ ವರ್ಕ್‌ಶಾಪಿನ ಊರಾಗಿಯೂ ಮಾಡಿತು. ಆದರೆ ಹತ್ತಿ 1888ರಿಂದ ಲೋಂಡಾ ಮೂಲಕ ಪೋರ್ಚುಗೀಸರ ಮುರಗಾವ್ ಬಂದರಿಗೆ ಹೋಯಿತು, ಕಾರವಾರಕ್ಕಲ್ಲ. ಘಟ್ಟ ಇಳಿದು ಆ ಕರಾವಳಿ ಮುಟ್ಟಬೇಕಾದ ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1990ರ ದಶಕದಲ್ಲಿ. ಆ ಘಟ್ಟದಲ್ಲಿ ಇಂದಿಗೂ ರೈಲು ಓಡಿಲ್ಲ.

ಮೊದಲನೆಯ ಮಹಾಯುದ್ಧದ ವೇಳೆ ವಾದ ಬೇರೆ ಬಗೆಯದಾಗಿತ್ತು. ಸೈನ್ಯಕ್ಕೆ ಆಳು ಕೊಡುವುದಾದರೆ ಅದಕ್ಕೆ ಪ್ರತಿಯಾಗಿ ಸ್ವರಾಜ್ಯದ ಭರವಸೆ ಬೇಕು ಎಂಬುದು ತಿಲಕರ ನಿಲುವು. 1918ರ ಜೂನಿನಲ್ಲಿ ಮುಂಬಯಿ ಗವರ್ನರ್ ವಿಲ್ಲಿಂಗ್ಡನ್ ಕರೆದ ಯುದ್ಧ ಪರಿಷತ್ತಿನಲ್ಲಿ ಆ ಮಾತನ್ನು ಆಡಲು ಬಿಡದಿದ್ದಾಗ ತಿಲಕರು ಎದ್ದು ಹೊರಬಂದರು. ಅವರು 1916ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿಸಿದ ಹೋಮ್ ರೂಲ್ ಲೀಗಿನ ವ್ಯಾಪ್ತಿಯಲ್ಲಿ ಕರ್ನಾಟಕವೂ ಇದ್ದುದರಿಂದ ಧಾರವಾಡದ ರಾಷ್ಟ್ರೀಯವಾದಿಗಳಲ್ಲಿ ಹೆಚ್ಚಿನವರು ಅವರ ಮಾತನ್ನೇ ಹಿಡಿದರು. ಅದೇ ಯುದ್ಧದ ನಡುವೆ, 1917ರಲ್ಲಿ, ಅರಟಾಳ ರುದ್ರಗೌಡರ ಪ್ರಯತ್ನದಿಂದ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂತು. ಇಲ್ಲಿ ಹೆಚ್ಚು ಬಾಳಿಕೆ ಬಂದದ್ದು ಊರವರೇ ಪಟ್ಟುಹಿಡಿದು ತರಿಸಿಕೊಂಡ ಇಂಥ ಸಂಸ್ಥೆಗಳು. ಪುನರ್ನಿರ್ಮಾಣ ಎಂಬ ಮಾತನ್ನು ಭಾರತಕ್ಕೆ ಅನ್ವಯಿಸಿ ಇಡೀ ಪುಸ್ತಕ ಬರೆದವರು ಸರ್ ಎಂ. ವಿಶ್ವೇಶ್ವರಯ್ಯ. ಮೈಸೂರಿನ ದಿವಾನಗಿರಿ ಬಿಟ್ಟ ಮೇಲೆ 1920ರಲ್ಲಿ ಅವರು ಪ್ರಕಟಿಸಿದ 'ರಿಕನ್‌ಸ್ಟ್ರಕ್ಟಿಂಗ್ ಇಂಡಿಯಾ', ಯುದ್ಧ ಮುಗಿಸಿದ ದೇಶಗಳೆಲ್ಲ ತಮ್ಮನ್ನು ಮತ್ತೆ ಕಟ್ಟಿಕೊಳ್ಳುತ್ತಿರುವಾಗ ಭಾರತ ಕೈಕಟ್ಟಿ ಕೂರಬಾರದು ಎಂದು ವಾದಿಸಿತು. ಸರಕಾರ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಯಾವ ಶಾಸನಸಭೆಯನ್ನೂ ಕೇಳದೆ ಭಾರತ ಯುದ್ಧದಲ್ಲಿದೆ ಎಂದು ಸಾರಿದರು. ಇಂಗ್ಲೆಂಡಿನ ಯುದ್ಧದ ಗುರಿ ಏನು, ಆ ಗುರಿಯಲ್ಲಿ ಭಾರತದ ಸ್ವಾತಂತ್ರ್ಯವೂ ಸೇರಿದೆಯೇ ಎಂದು ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಕೇಳಿತು. ಸರಿಯಾದ ಉತ್ತರ ಬರದಿದ್ದಾಗ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಮುಂಬಯಿಯಲ್ಲಿ ಬಿ. ಜಿ. ಖೇರ್ ಅವರ ಸರಕಾರ ನವೆಂಬರಿನಲ್ಲಿ ಇಳಿಯಿತು. ಅಲ್ಲಿಂದ 1946ರ ಏಪ್ರಿಲ್‌ವರೆಗೆ 1935ರ ಕಾಯ್ದೆಯ 93ನೆಯ ಕಲಮಿನಡಿ ಗವರ್ನರರ ಆಡಳಿತ ನಡೆಯಿತು. ಈ ಅಂಶವನ್ನು ನೆನಪಿನಲ್ಲಿಡಬೇಕು: ಮುಂಬಯಿ ಪ್ರಾಂತದ ಯುದ್ಧಾನಂತರದ ಯೋಜನೆಗಳ ಬಹುಪಾಲು ಕೆಲಸ ಚುನಾಯಿತ ಮಂತ್ರಿಗಳಿಲ್ಲದ ಈ ಆರೂವರೆ ವರ್ಷಗಳಲ್ಲೇ ನಡೆಯಿತು.

ಯುದ್ಧದ ಬಗ್ಗೆ ನಿಲುವುಗಳು ಹಲವಿದ್ದವು. ಹಿಂಸೆಗೆ ಬೆಂಬಲವೇ ಕೂಡದು ಎಂಬುದು ಗಾಂಧೀಜಿಯವರ ದಾರಿ. ಫ್ಯಾಸಿಸಂ ಸೋಲಬೇಕು ನಿಜ, ಆದರೆ ಗುಲಾಮ ದೇಶ ಇನ್ನೊಬ್ಬರ ಸ್ವಾತಂತ್ರ್ಯಕ್ಕಾಗಿ ಹೇಗೆ ಹೋರಾಡೀತು ಎಂಬುದು ನೆಹರೂ ಅವರ ಪ್ರಶ್ನೆ. ದಿಲ್ಲಿಯಲ್ಲಿ ರಾಷ್ಟ್ರೀಯ ಸರಕಾರ ಬಂದರೆ ಯುದ್ಧಕ್ಕೆ ನೆರವಾಗಬಹುದು ಎಂದು ರಾಜಾಜಿಯವರ ಒತ್ತಾಸೆಯಿಂದ 1940ರ ಜುಲೈಯಲ್ಲಿ ಪುಣೆಯಲ್ಲಿ ಕಾಂಗ್ರೆಸ್ ಒಂದು ಕೊಡುಗೆಯನ್ನೂ ಮುಂದಿಟ್ಟಿತ್ತು. ಸರಕಾರ ಅದಕ್ಕೆ ಒಪ್ಪಲಿಲ್ಲ. ಎಂ. ಎನ್. ರಾಯ್ ಅವರ ಗುಂಪು ಮೊದಲಿನಿಂದಲೂ ಯುದ್ಧದ ಪರವಾಗಿತ್ತು. ಕಮ್ಯುನಿಸ್ಟರು ಸೋವಿಯತ್ ರಷ್ಯದ ಮೇಲೆ ದಾಳಿಯಾದ ಬಳಿಕ ಇದು ಜನತಾ ಯುದ್ಧವೆಂದು ನಿಲುವು ಬದಲಿಸಿದರು. ಹಿಂದೂ ಯುವಕರು ಸೈನ್ಯ ಸೇರಿ ಶಸ್ತ್ರವಿದ್ಯೆ ಕಲಿಯಲಿ ಎಂದು ಸಾವರ್ಕರರು ಕರೆಕೊಟ್ಟರು. ಡಾ. ಅಂಬೇಡ್ಕರ್ 1942ರಲ್ಲಿ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ವಹಿಸಿಕೊಂಡು, ಯುದ್ಧಾನಂತರದ ನೀರಾವರಿ ಮತ್ತು ವಿದ್ಯುತ್ತಿನ ನೀತಿ ರೂಪಿಸುವ ಕೆಲಸದಲ್ಲಿ ತೊಡಗಿದರು.

ಹುಬ್ಬಳ್ಳಿ-ಧಾರವಾಡದಲ್ಲಿ ಕಾಂಗ್ರೆಸ್ಸಿನ ದನಿಯೇ ಜೋರಾಗಿತ್ತು. ಹಿಂದುಸ್ತಾನಿ ಸೇವಾದಳ ಕಟ್ಟಿದ ಡಾ. ನಾ. ಸು. ಹರ್ಡೀಕರ್ ಹುಬ್ಬಳ್ಳಿಯಲ್ಲಿದ್ದರು. ರಂಗನಾಥ ದಿವಾಕರರು ಧಾರವಾಡದಲ್ಲಿ ಆರಂಭಿಸಿದ್ದ 'ಕರ್ಮವೀರ'ವೂ, ಮೊಹರೆ ಹಣಮಂತರಾಯರು ಹುಬ್ಬಳ್ಳಿಯಿಂದ ನಡೆಸುತ್ತಿದ್ದ 'ಸಂಯುಕ್ತ ಕರ್ನಾಟಕ'ವೂ ವಾದದ ವೇದಿಕೆಗಳಾಗಿದ್ದವು. ಆದರೆ ಭಾರತ ರಕ್ಷಣಾ ನಿಯಮಗಳ ನೆರಳಿನಲ್ಲಿ ಯುದ್ಧದ ವಿರುದ್ಧ ಬರೆಯುವುದೇ ಅಪರಾಧವಾಗಬಹುದಾಗಿತ್ತು. ಹೀಗಾಗಿ ವಾದ ವೈಯಕ್ತಿಕ ಸತ್ಯಾಗ್ರಹದ ರೂಪ ತಳೆಯಿತು. 1940ರ ಅಕ್ಟೋಬರಿನಲ್ಲಿ ವಿನೋಬಾ ಆರಂಭಿಸಿದ ಈ ಸತ್ಯಾಗ್ರಹದ ಕ್ರಮ ವಿಚಿತ್ರವೆನ್ನುವಷ್ಟು ಶಿಸ್ತಿನದು. ಸತ್ಯಾಗ್ರಹಿಯ ಹೆಸರಿಗೆ ಮೊದಲು ಒಪ್ಪಿಗೆ ಬೇಕು. ಆತ ಇಂಥ ದಿನ, ಇಂಥ ಹೊತ್ತು, ಇಂಥ ಜಾಗದಲ್ಲಿ ಮಾತಾಡುತ್ತೇನೆಂದು ಮ್ಯಾಜಿಸ್ಟ್ರೇಟರಿಗೆ ಮುಂಚಿತವಾಗಿ ಪತ್ರ ಬರೆಯಬೇಕು. ಆಮೇಲೆ ನಿಂತು, ಈ ಯುದ್ಧಕ್ಕೆ ಹಣವನ್ನಾಗಲಿ ಆಳನ್ನಾಗಲಿ ಕೊಡುವುದು ತಪ್ಪು ಎಂದು ಹೇಳಿ ಸೆರೆಯಾಗಬೇಕು. ಯುದ್ಧ ಬೇಕೇ ಬೇಡವೇ ಎಂಬುದರ ಮೇಲೆ ಜನ ಮತ ಹಾಕಲು ಬಾರದಿದ್ದಾಗ, ಒಬ್ಬೊಬ್ಬರೇ ಎದ್ದುನಿಂತು ತಮ್ಮ ಮತವನ್ನು ದಾಖಲೆ ಮಾಡಿಸಿದಂತಾಯಿತು.

1942ರ ಆಗಸ್ಟಿನ ಕ್ವಿಟ್ ಇಂಡಿಯಾ ಕರೆಯ ನಂತರ ಈ ಶಿಸ್ತು ಉಳಿಯಲಿಲ್ಲ. ಹುಬ್ಬಳ್ಳಿಯಲ್ಲಿ ಪೊಲೀಸರ ಗುಂಡಿಗೆ ಬಾಲಕ ನಾರಾಯಣ ಡೋಣಿ ಬಲಿಯಾದ. ದಿವಾಕರರು ಭೂಗತರಾದರು. ಜಿಲ್ಲೆಯ ಹಳ್ಳಿಗಳಲ್ಲಿ ಚಾವಡಿಯ ದಫ್ತರಗಳು ಸುಟ್ಟವು, ತಂತಿಗಳು ತುಂಡಾದವು, ಟಪಾಲು ಚೀಲಗಳು ಕಾಣೆಯಾದವು. ಸರಕಾರಕ್ಕೆ ಹೋಗುವ ಕಂದಾಯದ ಹಣವೇ ಯುದ್ಧಕ್ಕೂ ಹೋಗುತ್ತದೆ, ಅದನ್ನು ತಡೆದರೆ ಯುದ್ಧವನ್ನು ತಡೆದಂತೆ ಎಂಬ ಲೆಕ್ಕ ರೈತನಿಗೆ ಸುಲಭವಾಗಿ ತಿಳಿಯಿತು. ದಂಡಿ ಯಾತ್ರೆಯಲ್ಲಿ ನಡೆದಿದ್ದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದದ್ದೂ ಕಂದಾಯ ವಸೂಲಿಯ ಜಾಗದ ಮೇಲೆ ನಡೆದ ದಾಳಿಯಲ್ಲೇ.

ಯುದ್ಧದ ಭಾರ ಮನೆಮನೆಗೆ ಮುಟ್ಟಿದ್ದು ಕಾಳಿನ ಮೂಲಕ. ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಯ ಅಕ್ಕಿ ನಿಂತಿತು. 1942-43ರಲ್ಲಿ ಬಿಜಾಪುರ ಸೀಮೆಗೆ ಬರ ಬಂತು. ಸರಕಾರ ರೈತರಿಂದ ಕಡ್ಡಾಯವಾಗಿ ಧಾನ್ಯ ಎತ್ತತೊಡಗಿತು. ಲೆವಿ, ರೇಷನ್, ಕಂಟ್ರೋಲ್ ಎಂಬ ಮೂರು ಮಾತುಗಳು ಆಡುನುಡಿಗೆ ಸೇರಿದವು, ಕಾಳಸಂತೆ ನಾಲ್ಕನೆಯದು. ಗಡಿಗಳ ಗೋಜಲು ಇದನ್ನು ಇನ್ನಷ್ಟು ಕೆಡಿಸಿತು. ಹುಬ್ಬಳ್ಳಿಗೆ ಕೂಗಳತೆಯ ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜದ್ದು, ಶಿರಹಟ್ಟಿ ಸಾಂಗ್ಲಿಯದು, ಸವಣೂರಿಗೆ ನವಾಬರು. ಮುಂಬಯಿಯ ಹುಕುಮು ಈ ಊರುಗಳ ಸೀಮೆಗೆ ಬಂದು ನಿಲ್ಲುತ್ತಿತ್ತು. ಧಾರವಾಡ ಜಿಲ್ಲೆಗೆಂದು ರಸ್ತೆಯನ್ನೋ ಕಾಲುವೆಯನ್ನೋ ನಕ್ಷೆಯಲ್ಲಿ ಎಳೆದರೆ ಗೆರೆ ಇನ್ನೊಬ್ಬ ದೊರೆಯ ನೆಲಕ್ಕೆ ಕಾಲಿಡುತ್ತಿತ್ತು. ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರ ಮಾರ್ಚಿನಲ್ಲಿ.

ಪುನರ್ನಿರ್ಮಾಣದ ಯೋಜನೆಗಳು ಯುದ್ಧ ಇನ್ನೂ ಅರ್ಧದಲ್ಲಿರುವಾಗಲೇ ಹುಟ್ಟಿಕೊಂಡವು. ಯುದ್ಧದ ವಾದ ಮತ್ತು ಯುದ್ಧಾನಂತರದ ಯೋಜನೆ, ಈ ಎರಡು ಕೆಲಸಗಳನ್ನು ಒಬ್ಬರೇ ಮಾಡುವುದು ಅಪರೂಪ. ಹುಬ್ಬಳ್ಳಿಯ ಪಕ್ಕದ ಕೋಳಿವಾಡದವನೆಂದು ಹೇಳಲಾಗುವ ಕುಮಾರವ್ಯಾಸ ಕೂಡ ಉದ್ಯೋಗಪರ್ವದ ಸಂಧಾನದ ಮಾತುಕತೆಯನ್ನು ಮನದಣಿಯೆ ಬರೆದು ಗದಾಪರ್ವಕ್ಕೆ ಕಾವ್ಯ ನಿಲ್ಲಿಸಿದ. ಯುದ್ಧ ಮುಗಿದ ಮೇಲಿನ ರಾಜ್ಯಭಾರದ ಶಾಂತಿಪರ್ವ ಮುಂತಾದವನ್ನು ಬರೆಯಲು ಕೃಷ್ಣದೇವರಾಯನ ಆಶ್ರಯದ ತಿಮ್ಮಣ್ಣ ಕವಿ ಬರಬೇಕಾಯಿತು. ಇಲ್ಲಿಯೂ ಯುದ್ಧವನ್ನು ವಿರೋಧಿಸಿದವರು ಜೈಲಿನಲ್ಲಿದ್ದಾಗ ಯೋಜನೆ ಬರೆದವರು ಬೇರೆಯವರು.

1944ರಲ್ಲಿ ಭಾರತ ಸರಕಾರ ಸರ್ ಅರ್ದೇಶಿರ್ ದಲಾಲ್ ಅವರ ಕೈಯಲ್ಲಿ ಯೋಜನೆ ಮತ್ತು ಅಭಿವೃದ್ಧಿ ಇಲಾಖೆ ತೆರೆದು, ಪ್ರಾಂತಗಳು ಐದು ವರ್ಷದ ಯೋಜನೆ ಸಿದ್ಧಮಾಡಲಿ ಎಂದಿತು. ಸಮಿತಿಗಳ ಸುಗ್ಗಿಯೇ ಆಯಿತು. ಸಾರ್ಜೆಂಟ್ ವರದಿ ನಲವತ್ತು ವರ್ಷದಲ್ಲಿ ಎಲ್ಲ ಮಕ್ಕಳಿಗೂ ಶಿಕ್ಷಣ ಎಂದಿತು. 1943ರಲ್ಲಿ ನೇಮಕವಾದ ಭೋರ್ ಸಮಿತಿ ಮೊದಲ ಹಂತದಲ್ಲಿ 40,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಕೇಳಿತು. ಅದೇ ವರ್ಷ ನಾಗಪುರದಲ್ಲಿ ಕಲೆತ ಎಂಜಿನಿಯರುಗಳು ಬೇಸಾಯ ಬೆಳೆದ ಸೀಮೆಯಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ದೂರವಿರಬಾರದು ಎಂದರು.

ಖಾಸಗಿ ಯೋಜನೆಗಳಲ್ಲಿ ಹೆಚ್ಚು ಚರ್ಚೆಯಾದದ್ದು 1944ರ ಜನವರಿಯಲ್ಲಿ ಹೊರಬಂದ ಮುಂಬಯಿ ಯೋಜನೆ. ಪುರುಷೋತ್ತಮದಾಸ್ ಠಾಕೂರದಾಸ್, ಜೆ. ಆರ್. ಡಿ. ಟಾಟಾ, ಘನಶ್ಯಾಮದಾಸ್ ಬಿರ್ಲಾ ಮೊದಲಾದ ಎಂಟು ಮಂದಿ ಅದಕ್ಕೆ ಸಹಿ ಹಾಕಿದ್ದರು. ಹದಿನೈದು ವರ್ಷ, 10,000 ಕೋಟಿ ರೂಪಾಯಿ, ತಲಾ ಆದಾಯ ಇಮ್ಮಡಿ. ಕೈಗಾರಿಕೆಗೆ 4,480 ಕೋಟಿ, ವಸತಿಗೆ 2,200 ಕೋಟಿ, ಕೃಷಿಗೆ 1,240 ಕೋಟಿ, ಶಿಕ್ಷಣಕ್ಕೆ 490 ಕೋಟಿ. ಹಣ ಎಲ್ಲಿಂದ ಎಂಬ ಪಟ್ಟಿ ಇನ್ನೂ ಕುತೂಹಲದ್ದು. ಯುದ್ಧಕಾಲದಲ್ಲಿ ಇಂಗ್ಲೆಂಡು ಭಾರತದಿಂದ ಸರಕು, ಸೇವೆ ಪಡೆದು ಲಂಡನ್ನಿನಲ್ಲಿ ಬಾಕಿ ಉಳಿಸಿಕೊಂಡಿದ್ದ ಸ್ಟರ್ಲಿಂಗ್ ಶಿಲ್ಕಿನಿಂದ 1,000 ಕೋಟಿ, ಜನರ ಉಳಿತಾಯದಿಂದ 4,000 ಕೋಟಿ, ಹೊಸದಾಗಿ ಹುಟ್ಟಿಸುವ ಹಣದಿಂದ 3,400 ಕೋಟಿ. ಅಂದರೆ ಮೂರರಲ್ಲಿ ಒಂದು ಪಾಲಿಗೂ ಮಿಕ್ಕಿ ನೋಟು ಅಚ್ಚುಹಾಕಿ ತರುವುದು. ಯುದ್ಧಕಾಲದ ಬೆಲೆಯೇರಿಕೆಯಲ್ಲಿ ಬೆಂದವರಿಗೆ ಈ ಬಾಬತ್ತು ಹಿತವಾಗಿ ಕಂಡಿರಲಾರದು. ರಾಯ್ ಬಳಗದ ಜನತಾ ಯೋಜನೆ ಹತ್ತು ವರ್ಷಕ್ಕೆ 15,000 ಕೋಟಿ ಹೇಳಿ ಕೃಷಿಗೆ ಒತ್ತು ಕೊಟ್ಟಿತು. ಶ್ರೀಮನ್ನಾರಾಯಣ ಅಗ್ರವಾಲರ ಗಾಂಧೀ ಯೋಜನೆ 3,500 ಕೋಟಿಯಲ್ಲಿ ಹಳ್ಳಿಯನ್ನು ಸ್ವಾವಲಂಬಿಯಾಗಿಸಲು ಹೊರಟಿತು. ಯಾವುದರಲ್ಲೂ ಜಿಲ್ಲೆಯ ಮಟ್ಟದ ಲೆಕ್ಕವಿರಲಿಲ್ಲ.

ಜಿಲ್ಲೆಯ ಮಟ್ಟದಲ್ಲಿ ನಿಜವಾಗಿ ನೆಲಕ್ಕಿಳಿದ ಕೆಲಸ ಹೊಲದ ಒಡ್ಡು. 1942ರ ಮುಂಬಯಿ ಭೂ ಸುಧಾರಣಾ ಯೋಜನೆಗಳ ಕಾಯ್ದೆಯ ಪ್ರಕಾರ ಇಳಿಜಾರು ಅಳೆದು, ಸಮಪಾತಳಿಯ ಗೆರೆಗುಂಟ ಮಣ್ಣಿನ ಒಡ್ಡು ಹಾಕಿ, ಖರ್ಚಿನ ಒಂದು ಭಾಗವನ್ನು ಹೊಲದ ಒಡೆಯನಿಂದ ಕಂತಿನಲ್ಲಿ ವಸೂಲು ಮಾಡಬಹುದಾಗಿತ್ತು. ಬರದ ಕಾಲದಲ್ಲಿ ಇದು ಕೂಲಿಯನ್ನೂ ಕೊಟ್ಟಿತು. ಮಸಾರಿ ನೆಲದಲ್ಲಿ ಒಡ್ಡು ಮಣ್ಣನ್ನೂ ತೇವವನ್ನೂ ಹಿಡಿಯಿತು. ಆಳವಾದ ಎರೆಯಲ್ಲಿ ಕಥೆ ಬೇರೆ. ಎರೆ ನೀರನ್ನು ಬೇಗ ಇಂಗಿಸುವುದಿಲ್ಲ. ದೊಡ್ಡ ಮಳೆಯಾದರೆ ಒಡ್ಡಿನ ಹಿಂದೆ ದಿನಗಟ್ಟಲೆ ನೀರು ನಿಂತು ಕುಂಟೆ ಹಾಯುವುದಿಲ್ಲ, ಬಿತ್ತನೆ ತಪ್ಪುತ್ತದೆ. ಬೇಸತ್ತ ರೈತ ತನ್ನ ಪಾಲಿನ ಹಣ ಕಟ್ಟಿದ ಒಡ್ಡನ್ನು ತಾನೇ ಒಡೆಯುತ್ತಿದ್ದ. ಎರೆ ನೆಲಕ್ಕೆ ನೀರು ಹೊರಹೋಗುವಂತೆ ಸ್ವಲ್ಪ ವಾಲಿಸಿದ ಒಡ್ಡೇ ತಕ್ಕದ್ದು ಎಂಬ ತಿಳಿವಳಿಕೆ ಮುಂದೆ, 1954ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ಮಣ್ಣು ಸಂರಕ್ಷಣಾ ಸಂಶೋಧನೆಯಂಥ ಕೆಲಸಗಳಿಂದ ಬಲಗೊಂಡಿತು. ಕಾಗದದ ಮೇಲೆ ಒಂದೇ ಆಗಿದ್ದ ಯೋಜನೆ ಎರಡು ಬಗೆಯ ನೆಲದಲ್ಲಿ ಎರಡು ಫಲ ಕೊಟ್ಟಿತು.

ಧಾರವಾಡದ ಮುಂದಾಳುಗಳ ಮುಖ್ಯ ಆಕ್ಷೇಪ ಹಣದ ಮೊತ್ತದ ಬಗ್ಗೆ ಇರಲಿಲ್ಲ, ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರ ಬಗ್ಗೆ ಇತ್ತು. ಸುತ್ತಲಿನ ಆಡಳಿತಗಳು ಯುದ್ಧದ ನಡುವೆಯೂ ದೊಡ್ಡ ಕೆಲಸಗಳಿಗೆ ಕೈಹಾಕಿದ್ದವು. ಮೈಸೂರು 1939ರಲ್ಲಿ ಜೋಗದ ವಿದ್ಯುತ್ ಕೇಂದ್ರಕ್ಕೆ ಅಡಿಗಲ್ಲಿಟ್ಟು 1948ರಲ್ಲಿ ದೀಪ ಹೊತ್ತಿಸಿತು. ಮದ್ರಾಸು ಮತ್ತು ಹೈದರಾಬಾದು 1945ರ ಫೆಬ್ರವರಿ 28ರಂದು ತುಂಗಭದ್ರೆಯ ಎರಡೂ ದಡಗಳಲ್ಲಿ ಅಣೆಕಟ್ಟಿನ ಕೆಲಸಕ್ಕೆ ಚಾಲನೆ ಕೊಟ್ಟವು. ಕನ್ನಡದ ನದಿಗಳು ಒಂದೊಂದು ಸರಕಾರದ ಲೆಕ್ಕದಲ್ಲಿ ಒಂದೊಂದು ತುಂಡಾಗಿದ್ದವು. ಮುಂಬಯಿಯ ಲೆಕ್ಕದಲ್ಲಿ ನಾಲ್ಕು ಕನ್ನಡ ಜಿಲ್ಲೆಗಳು ಗುಜರಾತ, ಮಹಾರಾಷ್ಟ್ರಗಳ ನಂತರ ಬರುತ್ತಿದ್ದವು. ಹೀಗಾಗಿ ಪುನರ್ನಿರ್ಮಾಣಕ್ಕೆ ಮೊದಲು ಏಕೀಕರಣ ಎಂಬ ವಾದ ಬಲಿಯಿತು. 1946ರ ಜನವರಿಯಲ್ಲಿ ಮುಂಬಯಿಯಲ್ಲಿ ಸರ್ದಾರ್ ಪಟೇಲರು ಉದ್ಘಾಟಿಸಿದ ಏಕೀಕರಣ ಸಮ್ಮೇಳನ, ಅದೇ ವರ್ಷ ಎಂ. ಪಿ. ಪಾಟೀಲರ ಅಧ್ಯಕ್ಷತೆಯಲ್ಲಿ ದಾವಣಗೆರೆಯಲ್ಲಿ ನಡೆದ ಸಮಾವೇಶ, ಇವೆರಡೂ ಯುದ್ಧ ಮುಗಿದ ಬೆನ್ನಲ್ಲೇ ಸೇರಿದವು. ಇದನ್ನು ಬರೀ ಭಾಷಾಭಿಮಾನವೆಂದು ತಳ್ಳಿಹಾಕುವುದು ತಪ್ಪು. ನೀರು, ಕರೆಂಟು, ರಸ್ತೆ ಮೂರನ್ನೂ ಒಂದೇ ಕಚೇರಿಯಲ್ಲಿ ಕೇಳುವಂತಾಗಬೇಕು ಎಂಬ ವ್ಯಾವಹಾರಿಕ ತರ್ಕ ಅದರಲ್ಲಿತ್ತು.

1946ರ ಏಪ್ರಿಲಿನಲ್ಲಿ ಖೇರ್ ಮಂತ್ರಿಮಂಡಲ ಮತ್ತೆ ಬಂತು. ಅಧಿಕಾರಿಗಳು ಬರೆದಿಟ್ಟ ಯೋಜನೆಗೆ ಅದು ತನ್ನ ಬಣ್ಣ ಬಳಿಯಿತು. ಹಿಡುವಳಿಗಳ ತುಂಡಾಗುವಿಕೆ ತಡೆಯುವ ಮತ್ತು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆಗಳು 1947ರಲ್ಲಿ, ಗೇಣಿ ಕಾಯ್ದೆ 1948ರಲ್ಲಿ ಬಂದವು. ಗೇಣಿದಾರನಿಗೆ ರಕ್ಷಣೆ ಕೊಟ್ಟ ಈ ಕೊನೆಯ ಕಾಯ್ದೆ ಧಾರವಾಡದ ಹಳ್ಳಿಗಳಲ್ಲಿ ಯಾವ ಯುದ್ಧಾನಂತರದ ವರದಿಗಿಂತಲೂ ಹೆಚ್ಚು ಮಾತಿಗೆ ವಸ್ತುವಾಯಿತು. ಹಣದ ಕಡೆ ಲೆಕ್ಕ ತಪ್ಪಿತು. ದೇಶ ವಿಭಜನೆಯಾಯಿತು, ನಿರಾಶ್ರಿತರ ವಸತಿ ಮೊದಲ ಖರ್ಚಾಯಿತು, ಲಂಡನ್ನಿನ ಸ್ಟರ್ಲಿಂಗ್ ಶಿಲ್ಕು ಕೇಳಿದಾಗ ಸಿಗದೆ ಕಂತಿನಲ್ಲಿ ಬಿಡುಗಡೆಯಾಯಿತು, 1949ರ ಅಪಮೌಲ್ಯದಲ್ಲಿ ಡಾಲರಿನ ಎದುರು ಅದರ ಬೆಲೆಯೂ ಇಳಿಯಿತು. ಪ್ರಾಂತಗಳ ಯುದ್ಧಾನಂತರದ ಯೋಜನೆಗಳಲ್ಲಿ ಉಳಿದ ಕೆಲಸಗಳನ್ನು 1951ರ ಮೊದಲ ಪಂಚವಾರ್ಷಿಕ ಯೋಜನೆ ತನ್ನೊಳಗೆ ಎಳೆದುಕೊಂಡಿತು.

ಇಷ್ಟರಲ್ಲಿ ಹುಬ್ಬಳ್ಳಿ-ಧಾರವಾಡಕ್ಕೆ ದಕ್ಕಿದ್ದು ಮುಖ್ಯವಾಗಿ ವಿದ್ಯೆ. 1947ರಲ್ಲಿ ಧಾರವಾಡದಲ್ಲಿ ಕೃಷಿ ಕಾಲೇಜು, ಹುಬ್ಬಳ್ಳಿಯಲ್ಲಿ ಕೆ. ಎಲ್. ಇ. ಸಂಸ್ಥೆಯ ಬಿ. ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ಕರ್ನಾಟಕಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯ ಬೇಕೆಂಬ ಹಳೆಯ ಬೇಡಿಕೆಯನ್ನು ಪರಿಶೀಲಿಸಲು 1947ರಲ್ಲಿ ನ್ಯಾಯಮೂರ್ತಿ ಎನ್. ಎಸ್. ಲೋಕೂರರ ಸಮಿತಿ ನೇಮಕವಾಯಿತು. 1949ರಲ್ಲಿ ಕಾಯ್ದೆಯಾಗಿ ಕರ್ನಾಟಕ ವಿಶ್ವವಿದ್ಯಾಲಯ ಮೊದಲು ಮುಂಬಯಿಯಲ್ಲೇ ಕಣ್ಣುಬಿಟ್ಟು ಮರುವರ್ಷ ಧಾರವಾಡಕ್ಕೆ ಬಂತು. 1950ರ ಜನವರಿ 8ರಂದು ಆಕಾಶವಾಣಿ ಕೇಂದ್ರ ಬಂತು. ಊರವರು ದಾನ ಕೊಟ್ಟು, ಸಮಿತಿಗಳ ಮುಂದೆ ನಿಂತು, ಹಟ ಹಿಡಿದು ಕೇಳಿದ್ದು ಯುದ್ಧ ಮುಗಿದ ಐದು ವರ್ಷದೊಳಗೆ ಕೈಸೇರಿತು.

ಪ್ರಾಂತದ ಅಧಿಕಾರ ಬೇಕಾಗಿದ್ದ ಕೆಲಸಗಳು ಮಾತ್ರ ಪ್ರಾಂತ ಬದಲಾಗುವವರೆಗೆ ಕಾದವು. 1948ರ ಧಾರ್ ಆಯೋಗ ಭಾಷಾವಾರು ಪ್ರಾಂತ ಬೇಡ ಎಂದಿತು, ಮರುವರ್ಷ ಜವಾಹರಲಾಲ್-ವಲ್ಲಭಭಾಯಿ-ಪಟ್ಟಾಭಿ ಸಮಿತಿ ಸದ್ಯಕ್ಕೆ ಮುಂದೂಡೋಣ ಎಂದಿತು. 1953ರಲ್ಲಿ ಹುಬ್ಬಳ್ಳಿ ಬಳಿಯ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕುಳಿತರು, ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಸೇರಿದ ಪ್ರದೇಶ ಕಾಂಗ್ರೆಸ್ ಸಭೆಗೆ ಜನ ಮುತ್ತಿಗೆ ಹಾಕಿದರು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮುಂಬಯಿಯಿಂದ ಬಿಟ್ಟು ವಿಶಾಲ ಮೈಸೂರು ರಾಜ್ಯ ಸೇರಿತು. ಮಲಪ್ರಭೆಯ ಅಣೆಕಟ್ಟಿನ ಕೆಲಸ ಶುರುವಾದದ್ದು ಅದಾದ ಮೇಲೆ, 1960ರ ದಶಕದಲ್ಲಿ. ನವಿಲುತೀರ್ಥದ ಆ ಅಣೆ ಪೂರ್ತಿಯಾದದ್ದು 1972ರಲ್ಲಿ, ಎರಡನೆಯ ಮಹಾಯುದ್ಧ ಮುಗಿದು 27 ವರ್ಷಗಳ ನಂತರ.